ಬದುಕಿರುವ ಡಿಸ್ಕ್ ‘ಡೌನ್’ ಎಂದು ಬಂದಾಗ: ಸೆಫ್ ಕ್ಲಸ್ಟರಿನಲ್ಲಿ ಓಎಸ್‌ಡಿಗಳ ಬೀಳು-ಏಳು ಪತ್ತೆ ಹಚ್ಚುವ ಬಗೆ

ಸೆಫ್ ಎಂದರೆ ಹಲವು ಸರ್ವರುಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಮಾಡುವ ತಂತ್ರಾಂಶ; ಓಎಸ್‌ಡಿ ಎಂದರೆ ಅದರಲ್ಲಿ ಒಂದು ಡಿಸ್ಕನ್ನು ನೋಡಿಕೊಳ್ಳುವ ಪ್ರಾಸೆಸ್. ಲಕ್ಷಣ ಹೀಗಿರುತ್ತದೆ. ಕ್ಲಸ್ಟರಿನ ಸ್ಥಿತಿ ತೋರಿಸುವ ‘ಸೆಫ್ ಮೈನಸ್ ಎಸ್’ ಹೊಡೆದರೆ 96 ಓಎಸ್‌ಡಿಗಳಲ್ಲಿ 78 ಅಪ್. ಅರ್ಧ ನಿಮಿಷ ಬಿಟ್ಟು ನೋಡಿದರೆ 61. ಮತ್ತೆ 83. ಬಿದ್ದದ್ದು ತಾನಾಗಿಯೇ ಏಳುತ್ತದೆ, ಎದ್ದದ್ದು ಬೀಳುತ್ತದೆ. ವರ್ಚುವಲ್ ಮಷಿನ್‌ಗಳಿಗೆ ಲಾಗಿನ್ ಆಗುತ್ತದೆ, ಹಳೆಯ ಫೈಲ್ ಹೇಗೋ ತೆರೆಯುತ್ತದೆ, ಆದರೆ ಏನಾದರೂ ಬರೆಯಲು ಹೋದರೆ ಪರದೆ ಹಾಗೇ ನಿಂತುಬಿಡುತ್ತದೆ. ಎಚ್ಚರಿಕೆಗಳ ಸಾಲಿನಲ್ಲಿ ‘ಸ್ಲೋ ಆಪ್ಸ್’ ಸಂಖ್ಯೆ ಏರುತ್ತಲೇ ಇರುತ್ತದೆ. ಸೆಫ್ ಸಾಮಾನ್ಯವಾಗಿ 30 ಸೆಕೆಂಡಿಗಿಂತ ಹೆಚ್ಚು ಕಾದ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುತ್ತದೆ.

ನಾನು ಇದನ್ನು ಕಂಡದ್ದು ಒಂದು ಭಾನುವಾರ ರಾತ್ರಿ. ಎಂಟು ಸ್ಟೋರೇಜ್ ಸರ್ವರ್, ಒಂದೊಂದರಲ್ಲೂ 12 ಡಿಸ್ಕ್, ಪ್ರತಿ ಡಿಸ್ಕಿಗೆ ಒಂದು ಓಎಸ್‌ಡಿ. ಪಕ್ಕದಲ್ಲಿ ಮೂರು ಮಾನಿಟರ್, ಅಂದರೆ ಯಾವ ಓಎಸ್‌ಡಿ ಬದುಕಿದೆ ಎಂಬ ಲೆಕ್ಕ ಇಡುವ ಸೆಫ್ ಪ್ರಾಸೆಸ್. ಡೇಟಾದ ಮೂರು ಪ್ರತಿ. ಕ್ಲೈಂಟ್‌ಗಳು ಮಾತಾಡುವ ಮುಂಭಾಗದ ನೆಟ್‌ವರ್ಕ್ ಬೇರೆ, ಓಎಸ್‌ಡಿಗಳು ತಮ್ಮತಮ್ಮಲ್ಲಿ ಪ್ರತಿ ಹಂಚಿಕೊಳ್ಳುವ ಹಿಂಭಾಗದ ನೆಟ್‌ವರ್ಕ್ ಬೇರೆ. ಹಿಂಭಾಗಕ್ಕೆ ಪ್ರತಿ ಸರ್ವರಿನಿಂದ ಎರಡು ಕೇಬಲ್, ಎರಡು ಬೇರೆ ಬೇರೆ ಸ್ವಿಚ್‌ಗಳಿಗೆ, ಎರಡನ್ನೂ ಸೇರಿಸಿ ಒಂದು ಬಾಂಡ್. ಈ ವಿವರ ಮುಂದೆ ಬೇಕಾಗುತ್ತದೆ.

ಕಮಾಂಡ್‌ಗಳನ್ನೆಲ್ಲ ಇಲ್ಲಿ ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆದುಕೊಳ್ಳಿ.

ಮೊದಲು ಕೈ ಕಟ್ಟಿಕೊಳ್ಳಿ

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ರೀಸ್ಟಾರ್ಟ್ ಕಡೆಗೇ ಹೋಗುತ್ತದೆ. ಬೇಡ. ಬಿದ್ದ ಓಎಸ್‌ಡಿ 600 ಸೆಕೆಂಡಿನೊಳಗೆ ಮೇಲೇಳದಿದ್ದರೆ ಮಾನಿಟರ್ ಅದನ್ನು ‘ಔಟ್’ ಮಾಡುತ್ತದೆ, ಅದರಲ್ಲಿದ್ದ ಡೇಟಾದ ಪ್ರತಿಗಳನ್ನು ಬೇರೆ ಕಡೆ ಕಟ್ಟಲು ಶುರುವಾಗುತ್ತದೆ. ಮೊದಲೇ ಉಸಿರುಕಟ್ಟಿದ ನೆಟ್‌ವರ್ಕಿನ ಮೇಲೆ ಟೆರಾಬೈಟ್‌ಗಟ್ಟಲೆ ಹೊರೆ. ಅದರ ಜೊತೆಗೆ ಉಳಿದ ಡಿಸ್ಕ್‌ಗಳು ತುಂಬುತ್ತವೆ: ಶೇ. 85ಕ್ಕೆ ಎಚ್ಚರಿಕೆ, 90ಕ್ಕೆ ಬ್ಯಾಕ್‌ಫಿಲ್ (ಆ ಡಿಸ್ಕಿಗೆ ಪ್ರತಿ ತುಂಬುವುದು) ಬಂದ್, 95ಕ್ಕೆ ಬರವಣಿಗೆಯೇ ಬಂದ್. ಒಂದು ರೋಗಕ್ಕೆ ಎರಡಾಗುತ್ತದೆ.

ಆದ್ದರಿಂದ ಮೊದಲ ಕಮಾಂಡ್ ‘ಸೆಫ್ ಓಎಸ್‌ಡಿ ಸೆಟ್ ನೋಔಟ್’. ಯಾರನ್ನೂ ‘ಔಟ್’ ಮಾಡಬೇಡ ಎಂದರ್ಥ. ಸ್ವಲ್ಪ ಹೊತ್ತಿಗೆ ಇದರಿಂದ ದೊಡ್ಡ ಅಪಾಯವಿಲ್ಲ, ಹಾಕಿ.

ಎರಡನೆಯದು ‘ನೋಡೌನ್’. ಇದನ್ನು ಹಾಕಬೇಕೋ ಬೇಡವೋ ಎಂಬುದರ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲೇ ಎರಡು ಅಭಿಪ್ರಾಯ. ಹಾಕಿದರೆ ಮಾನಿಟರ್ ಯಾರನ್ನೂ ಸತ್ತರೆಂದು ಘೋಷಿಸುವುದಿಲ್ಲ, ಯಾರು ಬದುಕಿದ್ದಾರೆ ಎಂಬ ನಕ್ಷೆ ನಿಮಿಷಕ್ಕೆ ನಾಲ್ಕು ಸಲ ಬದಲಾಗುವುದು ನಿಲ್ಲುತ್ತದೆ. ಆದರೆ ನಿಜವಾಗಿಯೂ ಸತ್ತ ಓಎಸ್‌ಡಿಯೂ ಬದುಕಿರುವವರ ಪಟ್ಟಿಯಲ್ಲೇ ಉಳಿಯುತ್ತದೆ, ಅದಕ್ಕೆ ಹೋದ ಬರವಣಿಗೆ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಲಾಗ್ ಓದುವಷ್ಟು ಹೊತ್ತು, ಅಂದರೆ ಹತ್ತು-ಹದಿನೈದು ನಿಮಿಷ ಹಾಕಿ ತೆಗೆಯುವವರ ಪೈಕಿ ನಾನು.

ಸತ್ತಿದೆ ಎಂದವರು ಯಾರು?

ಸೆಫ್‌ನ ಮೂಲ ವಿನ್ಯಾಸ ಸೇಜ್ ವೈಲ್ ಅವರದು; ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಡಾಕ್ಟರೇಟ್ ಕೆಲಸ. ಎಲ್ಲ ಗೊತ್ತಿರುವ ಒಬ್ಬ ಯಜಮಾನ ಅದರಲ್ಲಿ ಇಲ್ಲ. ಯಾವ ಡೇಟಾ ಎಲ್ಲಿದೆ ಎಂಬುದನ್ನು ಕ್ರಷ್ ಎಂಬ ಲೆಕ್ಕದಿಂದ ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳುತ್ತಾರೆ. ಯಾರು ಬದುಕಿದ್ದಾರೆ ಎಂಬುದನ್ನೂ ಅಷ್ಟೇ, ಅಕ್ಕಪಕ್ಕದವರೇ ಹೇಳುತ್ತಾರೆ. ಸುಮಾರು ಆರು ಸೆಕೆಂಡಿಗೊಮ್ಮೆ ಒಂದು ಓಎಸ್‌ಡಿ ತನ್ನ ಜೊತೆಗಾರರನ್ನು ‘ಇದ್ದೀಯಾ?’ ಎಂದು ಕೇಳುತ್ತದೆ. 20 ಸೆಕೆಂಡ್ ಉತ್ತರ ಬರದಿದ್ದರೆ ಮಾನಿಟರಿಗೆ ದೂರು. ಬೇರೆ ಬೇರೆ ಸರ್ವರುಗಳಿಂದ ಇಬ್ಬರು ದೂರು ಕೊಟ್ಟರೆ ಸಾಕು, ಮಾನಿಟರ್ ‘ಡೌನ್’ ಎಂದು ಬರೆದುಬಿಡುತ್ತದೆ.

ಅಂದರೆ ಪರದೆಯ ಮೇಲೆ ‘ಓಎಸ್‌ಡಿ 23 ಡೌನ್’ ಎಂದು ಬಂದರೆ 23ಕ್ಕೆ ಏನೋ ಆಗಿದೆ ಎಂದಲ್ಲ. 23 ಉತ್ತರ ಕೊಡಲಿಲ್ಲ ಎಂದು ಇಬ್ಬರು ಸಾಕ್ಷಿ ಹೇಳಿದ್ದಾರೆ, ಅಷ್ಟೇ. ಆ ಕಡೆ 23 ತನ್ನ ಲಾಗ್‌ನಲ್ಲಿ ‘ರಾಂಗ್ಲಿ ಮಾರ್ಕ್ಡ್ ಮಿ ಡೌನ್’ (ತಪ್ಪಾಗಿ ನನ್ನನ್ನು ಡೌನ್ ಎಂದಿದ್ದಾರೆ) ಎಂದು ಬರೆದುಕೊಂಡು ಎದ್ದು ಕೂರುತ್ತದೆ. ಈ ಸಾಲು ಒಂದೆರಡು ಸಿಕ್ಕರೆ ಬಿಡಿ. ನೂರಾರು ಸಿಕ್ಕರೆ ಡಿಸ್ಕ್ ಕೀಳಲು ಸ್ಕ್ರೂಡ್ರೈವರ್ ಎತ್ತಿಕೊಳ್ಳಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ಹೀಗೆ ಹತ್ತು ನಿಮಿಷದಲ್ಲಿ ಐದು ಸಲಕ್ಕಿಂತ ಹೆಚ್ಚು ಬಿದ್ದೆದ್ದ ಓಎಸ್‌ಡಿ ತಾನೇ ಬೇಸತ್ತು ಪ್ರಾಸೆಸ್ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಒಂಬತ್ತು ಹೀಗೆ ಆಗಿದ್ದವು. ಅವು ಮೇಲೇಳದೆ ಇದ್ದದ್ದನ್ನು ನೋಡಿ ನಮ್ಮ ಹುಡುಗನೊಬ್ಬ ‘ಸರ್, ಒಂಬತ್ತು ಡಿಸ್ಕ್ ಒಟ್ಟಿಗೆ ಹೋಯ್ತು’ ಎಂದು ಫೋನ್ ಮಾಡಿದ್ದ. ಒಂಬತ್ತು ಡಿಸ್ಕ್ ಒಂದೇ ಗಂಟೆಯಲ್ಲಿ, ಐದು ಸರ್ವರುಗಳಲ್ಲಿ ಹಂಚಿಕೊಂಡು ಸಾಯುವುದು ಆಗದ ಮಾತೇನಲ್ಲ, ಆದರೆ ಅಷ್ಟು ದುರದೃಷ್ಟ ನನಗೆ ಇನ್ನೂ ಎದುರಾಗಿಲ್ಲ.

ದೂರಿನ ಪಟ್ಟಿ

ಈಗ ಮಾಡಬೇಕಾದ ಮುಖ್ಯ ಕೆಲಸ ಒಂದೇ. ಯಾರು ಯಾರ ಮೇಲೆ ದೂರು ಕೊಟ್ಟಿದ್ದಾರೆ ಎಂದು ಪಟ್ಟಿ ಮಾಡುವುದು. ಪ್ರತಿ ಸರ್ವರಿನ ಓಎಸ್‌ಡಿ ಲಾಗ್‌ಗಳಲ್ಲಿ ‘ಹಾರ್ಟ್‌ಬೀಟ್ ಚೆಕ್: ನೋ ರಿಪ್ಲೈ ಫ್ರಮ್’ ಎಂಬ ಸಾಲುಗಳನ್ನು ಗ್ರೆಪ್ ಮಾಡಿ, ಅಂದರೆ ಹುಡುಕಿ, ತೆಗೆಯಿರಿ. ಹಾರ್ಟ್‌ಬೀಟ್ ಎಂದರೆ ಮೇಲೆ ಹೇಳಿದ ‘ಇದ್ದೀಯಾ?’ ಪ್ರಶ್ನೆ. ಆ ಸಾಲಿನಲ್ಲಿ ಮೂರು ಸಂಗತಿ ಇರುತ್ತದೆ: ಉತ್ತರ ಕೊಡದವರು ಯಾರು, ಹಿಂಭಾಗದಲ್ಲಿ ಕೊನೆಯ ಸಲ ದನಿ ಕೇಳಿದ್ದು ಯಾವಾಗ, ಮುಂಭಾಗದಲ್ಲಿ ಯಾವಾಗ. ಓಎಸ್‌ಡಿ ಎರಡೂ ನೆಟ್‌ವರ್ಕಿನಲ್ಲಿ ಕೂಗಿ ನೋಡುತ್ತದೆ. ನಮ್ಮ ಸಾಲುಗಳಲ್ಲಿ ಮುಂಭಾಗದ ಸಮಯ ತಾಜಾ ಇತ್ತು, ಹಿಂಭಾಗದ್ದು ನಿಮಿಷದಷ್ಟು ಹಳಸಿತ್ತು. ಇಷ್ಟರಲ್ಲೇ ಅರ್ಧ ದಾರಿ ಮುಗಿಯಿತು: ಪ್ರಾಸೆಸ್ ಬದುಕಿದೆ, ಡಿಸ್ಕ್ ಬದುಕಿದೆ, ಹಿಂಭಾಗದ ದಾರಿ ಕೆಟ್ಟಿದೆ. ಸೆಫ್‌ನ ನಾಟಿಲಸ್ ಆವೃತ್ತಿಯ ಕಾಲದಿಂದ ಈಚೆಗೆ ಇದನ್ನೇ ‘ಡಂಪ್ ಓಎಸ್‌ಡಿ ನೆಟ್‌ವರ್ಕ್’ ಕಮಾಂಡ್ ಮಿಲಿಸೆಕೆಂಡ್ ಲೆಕ್ಕದಲ್ಲಿ ಕೊಡುತ್ತದೆ.

ಆಮೇಲೆ ನೋಟ್‌ಬುಕ್ಕಿನಲ್ಲಿ ಎಂಟಕ್ಕೆ ಎಂಟರ ಚೌಕ ಎಳೆದೆ. ಅಡ್ಡಸಾಲು ದೂರುದಾರ, ಕಂಬಸಾಲು ಆರೋಪಿ. ಓಎಸ್‌ಡಿ ಸಂಖ್ಯೆಯನ್ನು ಬಿಟ್ಟು ಅದು ಇರುವ ಸರ್ವರಿನ ಸಂಖ್ಯೆ ಬರೆಯಬೇಕು, ಇಲ್ಲದಿದ್ದರೆ 96ಕ್ಕೆ 96ರ ಕಾಡಿನಲ್ಲಿ ಕಳೆದುಹೋಗುತ್ತೀರಿ.

ಚೌಕ ತುಂಬಿದ ಮೇಲೆ ಅದನ್ನು ಓದುವುದು ಸುಲಭ. ದೂರೆಲ್ಲ ಒಂದೇ ಓಎಸ್‌ಡಿ ಮೇಲಿದ್ದರೆ ಅದರ ಡಿಸ್ಕ್ ನೋಡಿ. ಒಂದೇ ಸರ್ವರಿನ ಹನ್ನೆರಡರ ಮೇಲೂ ಇದ್ದರೆ ಆ ಸರ್ವರಿನ ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಕಂಟ್ರೋಲರ್ ಅಥವಾ ಮೆಮೊರಿ. ಒಂದು ರ‍್ಯಾಕಿನವರು ಇನ್ನೊಂದು ರ‍್ಯಾಕಿನವರ ಮೇಲೆ ಕೊಟ್ಟಿದ್ದರೆ ಎರಡು ರ‍್ಯಾಕ್‌ಗಳ ನಡುವಿನ ಕೊಂಡಿ.

ನಮ್ಮ ಚೌಕದಲ್ಲಿ ಇದ್ಯಾವುದೂ ಇರಲಿಲ್ಲ. 1, 3, 5, 6ನೇ ಸರ್ವರುಗಳು ಒಂದು ಪಾರ್ಟಿ. 2, 4, 7, 8 ಇನ್ನೊಂದು. ಊರಿನ ಚುನಾವಣೆ ಮುಗಿದ ಮರುದಿನದ ಹಾಗೆ. ಪಾರ್ಟಿಯ ಒಳಗೆ ಮಾತುಕತೆ ಸುಸೂತ್ರ, ಒಂದು ದೂರೂ ಇಲ್ಲ. ಈಚೆಯವರಿಗೆ ಆಚೆಯವರ ದನಿ ಮಾತ್ರ ಕೇಳಿಸುತ್ತಿಲ್ಲ. ರ‍್ಯಾಕ್ ಲೆಕ್ಕಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ 1ರಿಂದ 4 ಒಂದು ರ‍್ಯಾಕ್, 5ರಿಂದ 8 ಇನ್ನೊಂದು.

ಪಿಂಗ್ ಸರಿಯಿದೆ ಎಂಬ ಮಾತು

ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಫೋನ್ ಹೋಯಿತು. ಅವರ ಉತ್ತರ ನಿರೀಕ್ಷಿಸಿದ್ದೇ: ‘ಪಿಂಗ್ ಹೋಗ್ತಾ ಇದೆಯಲ್ಲ ಸರ್. ಲಿಂಕ್ ಎಲ್ಲಾ ಅಪ್ ಇದೆ.’ ಡೇಟಾ ಸೆಂಟರಿನಲ್ಲಿ ರ‍್ಯಾಕ್ ಮುಂದೆ ನಿಂತಿದ್ದ ಹುಡುಗನೂ ಅದನ್ನೇ ಹೇಳಿದ: ‘ಲೈಟ್ ಎಲ್ಲಾ ಹಸಿರಾಗೇ ಇದೆ ಸರ್, ಫೋಟೊ ಕಳಿಸ್ಲಾ?’ ಕಳಿಸಿದ. ನಿಜಕ್ಕೂ ಹಸಿರು.

ಬರಿಯ ಪಿಂಗ್ (ಆ ತುದಿ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡ್) ಕಳಿಸುವುದು 56 ಬೈಟಿನ ಪುಟ್ಟ ಹೊರೆ. ಸ್ಟೋರೇಜ್ ನೆಟ್‌ವರ್ಕುಗಳಲ್ಲಿ ಸಾಮಾನ್ಯವಾಗಿ ಜಂಬೋ ಫ್ರೇಮ್, ಅಂದರೆ ದೊಡ್ಡ ಪ್ಯಾಕೆಟ್, ಇಟ್ಟಿರುತ್ತೇವೆ: ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 9000 ಬೈಟ್. ದಾರಿಯ ಅಗಲ ಪರೀಕ್ಷಿಸಬೇಕಾದರೆ ಅಷ್ಟೇ ಅಗಲದ ಲಾರಿ ಓಡಿಸಬೇಕು, ಸೈಕಲ್ ಓಡಿಸಿದರೆ ಏನು ಗೊತ್ತಾಗುತ್ತದೆ? ‘ಪಿಂಗ್’ ಮುಂದೆ ‘ಮೈನಸ್ ದೊಡ್ಡ ಎಮ್ ಡೂ’ ಎಂದು ಕೊಟ್ಟರೆ ಪ್ಯಾಕೆಟ್ಟನ್ನು ತುಂಡು ಮಾಡಬೇಡ ಎಂದರ್ಥ. ‘ಮೈನಸ್ ಎಸ್ 8972’ ಎಂದರೆ ಗಾತ್ರ. 9000ದಲ್ಲಿ ಐಪಿ ತಲೆಬರಹಕ್ಕೆ 20 ಬೈಟ್, ಪಿಂಗ್ ಬಳಸುವ ಐಸಿಎಂಪಿಗೆ 8 ಕಳೆದರೆ ಉಳಿಯುವುದು 8972.

ನೆಟ್‌ವರ್ಕಿನವರು ಅದನ್ನೂ ಮಾಡಿದರು. 1ರಿಂದ 3ಕ್ಕೆ ಹೋಯಿತು. 1ರಿಂದ 5ಕ್ಕೆ ಹೋಯಿತು. ‘ಜಂಬೋನೂ ಸರಿ ಇದೆ ಸರ್’ ಎಂದರು. ಚೌಕ ಕೈಯಲ್ಲಿ ಇಲ್ಲದಿದ್ದರೆ ನಾನೂ ಅಲ್ಲಿಗೆ ನೆಟ್‌ವರ್ಕನ್ನು ಬಿಟ್ಟು ಬೇರೆ ಕಡೆ ಹುಡುಕಲು ಹೊರಡುತ್ತಿದ್ದೆ. 1, 3, 5 ಒಂದೇ ಪಾರ್ಟಿಯವರು! 1ರಿಂದ 2ಕ್ಕೆ ಹೊಡೆಯಿರಿ ಎಂದೆ. ಸಣ್ಣ ಪಿಂಗ್ ಹೋಯಿತು. 8972 ಹೋಗಲಿಲ್ಲ. ದೋಷದ ಸಂದೇಶವೂ ಇಲ್ಲ, ಮೌನ.

ಎಂಟು ಸರ್ವರಿನಲ್ಲಿ 28 ಜೋಡಿ. 28ಕ್ಕೂ ಓಡಿಸಿದಾಗ 12 ಪಾಸು, 16 ಫೇಲು. ನಾಲ್ಕು ನಾಲ್ಕಲಿ ಹದಿನಾರು: ಪಾರ್ಟಿ ದಾಟುವ ಜೋಡಿಗಳೆಲ್ಲವೂ.

ಪಾರ್ಟಿ ಆದದ್ದು ಹೇಗೆ

ಬಾಂಡ್‌ಗೆ ಎರಡು ಕಾಲು, ಅಂದರೆ ಆ ಎರಡು ಕೇಬಲ್. ಯಾವ ಪ್ಯಾಕೆಟ್ ಯಾವ ಕಾಲಿನಲ್ಲಿ ಹೋಗಬೇಕು ಎಂಬುದನ್ನು ಲಿನಕ್ಸ್ ವಿಳಾಸಗಳ ಮೇಲೆ ಒಂದು ಹ್ಯಾಶ್ ಲೆಕ್ಕ ಹಾಕಿ ತೀರ್ಮಾನಿಸುತ್ತದೆ. ನಮ್ಮಲ್ಲಿದ್ದ ನೀತಿ ‘ಲೇಯರ್ 2+3’: ಎರಡೂ ತುದಿಯ ಮ್ಯಾಕ್ ಮತ್ತು ಐಪಿ ವಿಳಾಸಗಳನ್ನು ಎಕ್ಸಾರ್ ಮಾಡಿ (ಬಿಟ್‌ಗಳನ್ನು ಹೋಲಿಸಿ, ಒಂದೇ ಆಗಿದ್ದರೆ 0, ಬೇರೆಯಾದರೆ 1), ಬಂದದ್ದನ್ನು ಕಾಲುಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವುದು. ಕಾಲು ಎರಡೇ ಇದ್ದರೆ ಶೇಷ ಸೊನ್ನೆ ಅಥವಾ ಒಂದು. ಅಂದರೆ ಪ್ರತಿ ಸರ್ವರಿಗೂ ಅದರ ವಿಳಾಸದಿಂದ ಒಂದು ಸಮ ಅಥವಾ ಬೆಸ ಗುಣ ಅಂಟಿಕೊಳ್ಳುತ್ತದೆ. ಸಮ-ಸಮ, ಬೆಸ-ಬೆಸ ಮಾತಾಡಿದರೆ ಮೊದಲ ಕೇಬಲ್, ಮೊದಲ ಸ್ವಿಚ್. ಸಮ-ಬೆಸ ಮಾತಾಡಿದರೆ ಎರಡನೇ ಕೇಬಲ್, ಎರಡನೇ ಸ್ವಿಚ್. ಊರು ಎರಡು ಪಾರ್ಟಿ ಆದದ್ದು ಹೀಗೆ.

ಹಾಗಾದರೆ ಎರಡನೇ ಸ್ವಿಚ್ಚಿಗೆ ಏನಾಯಿತು? ಹೀಗೇ ನೇರವಾಗಿ ಕೇಳಿದಾಗ ಹೊರಬಿತ್ತು. ಶನಿವಾರ ಅದು ಕೆಟ್ಟಿತ್ತು. ಭಾನುವಾರ ರಾತ್ರಿ ಹತ್ತೂವರೆಗೆ ಹೊಸದನ್ನು ಕೂರಿಸಿದ್ದರು. ಕೆಲಸ ಮುಗಿಯಿತು ಎಂದು ಟಿಕೆಟ್ ಮುಚ್ಚಿದ್ದರು, ಸ್ಟೋರೇಜಿನವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಸ್ವಿಚ್ಚಿನ ಪೋರ್ಟ್‌ಗಳಲ್ಲಿ 9216 ಇತ್ತು, ಹೊಸದರಲ್ಲಿ ಕಾರ್ಖಾನೆಯಿಂದ ಬಂದ 1500. ಶನಿವಾರ ಸ್ವಿಚ್ ಸತ್ತಿದ್ದಾಗ ಎಲ್ಲವೂ ಒಂದೇ ಕಾಲಿನಲ್ಲಿ ಚೆನ್ನಾಗಿ ಓಡಿತ್ತು. ಹೊಸದು ಜೀವ ಪಡೆದಾಗಲೇ ಕ್ಲಸ್ಟರ್ ನೆಲಕ್ಕೆ ಬಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ಒಂದು ಸರ್ವರಿನಲ್ಲಿ 9000, ಇನ್ನೊಂದರಲ್ಲಿ 1500 ಇದ್ದರೆ ಟಿಸಿಪಿ, ಅಂದರೆ ಅವುಗಳ ನಡುವಿನ ಸಂಪರ್ಕ, ಸಾಯುತ್ತದೆ ಎಂದು. ಸಾಯುವುದಿಲ್ಲ. ಸಂಪರ್ಕ ಶುರುವಾಗುವಾಗಲೇ ಎರಡೂ ತುದಿಗಳು ತಮ್ಮ ಮಿತಿ ಹೇಳಿಕೊಳ್ಳುತ್ತವೆ, ಚಿಕ್ಕದಕ್ಕೆ ಒಪ್ಪಿಕೊಳ್ಳುತ್ತವೆ. ಕಂಟಕ ಇರುವುದು ಎರಡೂ ತುದಿ 9000 ಎಂದು ಕೈಕುಲುಕಿ, ನಡುವಿನ ಸ್ವಿಚ್ ಮಾತ್ರ 1500 ಎಂದಾಗ. ಅದೇನೂ ರೂಟರ್ ಅಲ್ಲ, ‘ದೊಡ್ಡದಾಯಿತು’ ಎಂದು ಐಸಿಎಂಪಿ ಪತ್ರ ಬರೆಯುವುದಿಲ್ಲ. ಫ್ರೇಮನ್ನು ಎಸೆದು ಸುಮ್ಮನಾಗುತ್ತದೆ. ಕಳಿಸಿದವನು ಮತ್ತೆ ಕಳಿಸುತ್ತಾನೆ, ಮತ್ತೆ ಎಸೆತ. ಸ್ವಿಚ್ಚಿನ ಪೋರ್ಟ್ ಅಂಕಿ-ಅಂಶದಲ್ಲಿ ‘ಜೈಂಟ್ಸ್’ ಅಥವಾ ‘ಓವರ್‌ಸೈಜ್’ ಎಂಬ ಸಾಲು ಓಡುತ್ತಿದ್ದರೆ ಅದೇ ಸಾಕ್ಷಿ. ಸರ್ವರ್ ಕಡೆಯಿಂದ ನೋಡಬೇಕಾದರೆ ಹಿಂಭಾಗದ ಐಪಿಗೆ ಎಸ್‌ಎಸ್‌ಎಚ್ ಮಾಡಿ: ಸಂಪರ್ಕ ಸಿಗುತ್ತದೆ, ಕೀ ವಿನಿಮಯದ ಹಂತದಲ್ಲಿ ಕಲ್ಲಾಗುತ್ತದೆ. ಒಂದು ವೇಳೆ ಒಳಗೆ ಹೋದರೂ ಉದ್ದದ ಲಾಗ್ ತೆರೆದ ಕೂಡಲೇ ಪರದೆ ನಿಲ್ಲುತ್ತದೆ.

ಸೆಫ್ ಹಾರ್ಟ್‌ಬೀಟ್‌ಗೆ ಬೇಕೆಂದೇ ಹೊಟ್ಟು ತುಂಬಿ ಕನಿಷ್ಠ 2000 ಬೈಟ್ ಮಾಡುತ್ತದೆ. ಇಂಥ ಕಿರಿದಾದ ದಾರಿ ಸಿಕ್ಕಿಬೀಳಲಿ ಎಂದೇ ಈ ಏರ್ಪಾಡು. ಈ ಗಾತ್ರವನ್ನು ಕಡಿಮೆ ಮಾಡಿದರೆ ‘ಬೀಳುವುದು ನಿಲ್ಲುತ್ತದೆ’ ಎಂದು ಸಲಹೆ ಕೊಡುವವರಿದ್ದಾರೆ. ನಿಲ್ಲುತ್ತದೆ, ನಿಜ. ಎಲ್ಲರೂ ಅಪ್ ಎಂದು ತೋರಿಸುತ್ತಾ ಬರವಣಿಗೆ ಮಾತ್ರ ಸಾಯುತ್ತದೆ. ಪತ್ತೆಗೆ ಇದ್ದ ಒಂದೇ ಸುಳಿವನ್ನೂ ಕಳೆದುಕೊಳ್ಳುತ್ತೀರಿ. ಕರ್ನಲ್‌ನ ‘ಟಿಸಿಪಿ ಎಂಟಿಯು ಪ್ರೋಬಿಂಗ್’ (ದೊಡ್ಡದು ಹೋಗದಿದ್ದರೆ ಚಿಕ್ಕದು ಕಳಿಸಿ ನೋಡುವ ಏರ್ಪಾಡು) ಅನ್ನು 1 ಮಾಡುವುದು ಇದಕ್ಕಿಂತ ವಾಸಿ, ಆದರೂ ಅದು ಪಟ್ಟಿ ಕಟ್ಟುವುದೇ ಹೊರತು ಔಷಧಿಯಲ್ಲ.

ಸರಿಪಡಿಸಿದ ಕ್ರಮ

ಸ್ವಿಚ್ಚಿನ ಸೆಟ್ಟಿಂಗ್ ಬದಲಿಸಲು ಅನುಮತಿ, ಒಪ್ಪಿಗೆ ಎಂದು ಇನ್ನೊಂದು ಗಂಟೆ ಹೋಗುವುದಿತ್ತು. ಅಷ್ಟು ಹೊತ್ತು ಕಾಯಬೇಕಿಲ್ಲ. ಒಂದೊಂದೇ ಸರ್ವರಿನಲ್ಲಿ ಎರಡನೇ ಕಾಲಿನ ಇಂಟರ್‌ಫೇಸನ್ನು ‘ಐಪಿ ಲಿಂಕ್ ಸೆಟ್ … ಡೌನ್’ ಕೊಟ್ಟು ಇಳಿಸಿದೆವು. ಎಲ್ಲ ಸಂಚಾರವೂ ಒಳ್ಳೆಯ ಸ್ವಿಚ್ಚಿಗೆ ಬಂತು. ಇಳಿಸುವ ಮುಂಚೆ ಉಳಿಯುವ ಕಾಲು ಯಾವುದು ಎಂದು ಎರಡೆರಡು ಸಲ ನೋಡಿ. ಗಾಬರಿಯಲ್ಲಿ ಒಳ್ಳೆಯ ಕಾಲನ್ನೇ ಕತ್ತರಿಸಿಕೊಂಡವರಿದ್ದಾರೆ. ಎಂಟನೇ ಸರ್ವರ್ ಮುಗಿದು ಎರಡು ನಿಮಿಷಕ್ಕೆ ಅಪ್ ಸಂಖ್ಯೆ 87ಕ್ಕೆ ನಿಂತಿತು, ಅಲುಗಾಡಲಿಲ್ಲ. ಉಳಿದ ಒಂಬತ್ತು, ತಾವಾಗಿ ಮುಚ್ಚಿಕೊಂಡಿದ್ದವು. ಸರ್ವಿಸ್ ಮ್ಯಾನೇಜರಿನಲ್ಲಿ ‘ರೀಸೆಟ್ ಫೇಲ್ಡ್’ ಕೊಟ್ಟು ಒಂದೊಂದಾಗಿ ಶುರು ಮಾಡಿದರೆ ಎದ್ದವು.

ನೋಡೌನ್ ಹಾಕಿದ್ದರೆ ಅದನ್ನು ಮೊದಲು ತೆಗೆಯಿರಿ, ಐದು ನಿಮಿಷ ಯಾರೂ ಬೀಳುತ್ತಿಲ್ಲವೆಂದು ನೋಡಿ. 96ಕ್ಕೆ 96 ಅಪ್ ಆದ ಮೇಲಷ್ಟೇ ನೋಔಟ್ ತೆಗೆಯಿರಿ. ಪ್ಲೇಸ್‌ಮೆಂಟ್ ಗುಂಪುಗಳೆಲ್ಲ (ಸೆಫ್ ಡೇಟಾವನ್ನು ಹಂಚಿಡುವ ಕಟ್ಟುಗಳು) ‘ಆಕ್ಟಿವ್ ಪ್ಲಸ್ ಕ್ಲೀನ್’, ಅಂದರೆ ಪ್ರತಿಗಳೆಲ್ಲ ಸರಿ, ಆಗಲು ನಮಗೆ ಬೆಳಗಿನ ಜಾವದವರೆಗೆ ಹಿಡಿಯಿತು. ಸ್ವಿಚ್ಚಿನಲ್ಲಿ 9216 ಹಾಕಿದ ಮೇಲೆ ಒಂದು ಸರ್ವರಿನ ಕಾಲು ಏರಿಸಿದೆವು, ಇನ್ನೊಂದರದು ಏರಿಸಿದೆವು, ಆ ಎರಡರ ನಡುವೆ ದೊಡ್ಡ ಪಿಂಗ್ ನೋಡಿಕೊಂಡು ಮುಂದಿನದಕ್ಕೆ ಹೋದೆವು.

ಇದೇ ವೇಷದಲ್ಲಿ ಬರುವ ಬೇರೆ ದೋಷಗಳು

ಒಂದೇ ಓಎಸ್‌ಡಿ ನಿಧಾನವಾದರೆ ‘ಸೆಫ್ ಓಎಸ್‌ಡಿ ಪರ್ಫ್’ ನೋಡಿ. ಅದೊಂದರ ಕಮಿಟ್ ವಿಳಂಬ (ಬರೆದು ಮುಗಿಸಲು ಹಿಡಿಯುವ ಸಮಯ) ಉಳಿದವಕ್ಕಿಂತ ಹತ್ತು ಪಟ್ಟು ಇದ್ದರೆ ಆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ‘ಸ್ಮಾರ್ಟ್’ ವರದಿ ತೆಗೆಯಿರಿ. ಸರ್ವರಿಗೆ ಹಾಕಿರುವುದು ಲ್ಯಾಪ್‌ಟಾಪ್ ದರ್ಜೆಯ ಎಸ್‌ಎಸ್‌ಡಿ ಆಗಿದ್ದರೆ ಬೇರೆ ಕಾರಣ ಹುಡುಕಲೇಬೇಡಿ.

ಒಂದು ಸರ್ವರಿನ ಓಎಸ್‌ಡಿಗಳು ಸರದಿಯಂತೆ ಬಿದ್ದರೆ ಕರ್ನಲ್ ಲಾಗ್‌ನಲ್ಲಿ ಮೆಮೊರಿ ಸಾಲದೆ ಪ್ರಾಸೆಸ್ ಕೊಂದ ಸಾಲು ಇದೆಯೇ ನೋಡಿ. ಪ್ರತಿ ಓಎಸ್‌ಡಿ ಸಾಮಾನ್ಯವಾಗಿ 4 ಜಿಬಿ ಗುರಿ ಇಟ್ಟುಕೊಳ್ಳುತ್ತದೆ. 12 ಡಿಸ್ಕ್ ಇರುವ ಸರ್ವರಿಗೆ 48 ಜಿಬಿ ಹಾಕಿ ಲೆಕ್ಕ ಸರಿಹೋಯಿತು ಎಂದುಕೊಂಡರೆ ರಿಕವರಿ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

ಸಣ್ಣ ಪಿಂಗ್, ದೊಡ್ಡ ಪಿಂಗ್ ಎರಡೂ ಹೋಗಿ, ಒಂದು ಸರ್ವರಿನ ಕೆಲವು ಓಎಸ್‌ಡಿ ಮಾತ್ರ ಸದಾ ಕೇಳಿಸದಿದ್ದರೆ ಫೈರ್‌ವಾಲ್. ಓಎಸ್‌ಡಿಗಳು 6800ರಿಂದ ಮೇಲಿನ ಪೋರ್ಟ್ ಹಿಡಿಯುತ್ತವೆ, ಒಂದೊಂದಕ್ಕೂ ಹಲವು ಬೇಕು. ಯಾರೋ 6800ರಿಂದ 6810ರವರೆಗೆ ಮಾತ್ರ ತೆರೆದಿರುತ್ತಾರೆ.

ಮಾನಿಟರ್‌ಗಳೇ ಒಳಗೆ-ಹೊರಗೆ ಆಗುತ್ತಿದ್ದರೆ ಗಡಿಯಾರ ನೋಡಿ. ಅವುಗಳ ನಡುವೆ 0.05 ಸೆಕೆಂಡ್ ವ್ಯತ್ಯಾಸ ಬಂದರೂ ಎಚ್ಚರಿಕೆ ಬರುತ್ತದೆ.

ನಿಮ್ಮ ಬಾಂಡ್ ‘ಲೇಯರ್ 3+4’ ನೀತಿಯಲ್ಲಿದ್ದರೆ ಚೌಕದಲ್ಲಿ ಪಾರ್ಟಿ ಕಾಣಿಸದು. ಪೋರ್ಟ್ ಸಂಖ್ಯೆಯೂ ಹ್ಯಾಶ್‌ಗೆ ಸೇರುವುದರಿಂದ ಅದೇ ಎರಡು ಸರ್ವರಿನ ನಡುವೆ ಒಂದು ಸಂಪರ್ಕ ಬದುಕಿ ಇನ್ನೊಂದು ಸಾಯುತ್ತದೆ. ಆಗ ಒಂದು ಪಿಂಗ್ ನಂಬಬೇಡಿ. ‘ಐಪರ್ಫ್ 3’ರಲ್ಲಿ ಹದಿನಾರು ಸಮಾನಾಂತರ ಸಂಪರ್ಕ ತೆರೆದು, ಎಷ್ಟು ಸೊನ್ನೆಗೆ ನಿಂತಿವೆ ಎಣಿಸಿ.

ಆ ರಾತ್ರಿಯ ನಂತರ 28 ಜೋಡಿಗೂ 8972ರ ಪಿಂಗ್ ಓಡಿಸುವ ಸಣ್ಣ ಸ್ಕ್ರಿಪ್ಟ್ ಬರೆದು, ದಿನಾ ಬೆಳಿಗ್ಗೆ ಆರಕ್ಕೆ ಓಡುವಂತೆ ಕ್ರಾನ್‌ಗೆ ಹಾಕಿದ್ದೇವೆ. ಮೊಬೈಲಿಗೆ ಒಂದೇ ಸಂಖ್ಯೆ ಬರುತ್ತದೆ, ಎಷ್ಟು ಪಾಸು ಎಂದು. 28 ಬಂದರೆ ಕಾಫಿ ಕುಡಿಯಬಹುದು. ನಮ್ಮ ನಾಲ್ಕು-ನಾಲ್ಕರ ಪಾರ್ಟಿ ಲೆಕ್ಕದಲ್ಲಿ 25 ಬಂದರೆ ಯಾವುದೋ ಒಂದು ಸರ್ವರಿನ ಮೊದಲ ಕಾಲು, 24 ಬಂದರೆ ಎರಡನೇ ಕಾಲು. 16 ಬಂದರೆ ಮೊದಲ ಸ್ವಿಚ್, 12 ಬಂದರೆ ಎರಡನೇದು. ಹೋದ ತಿಂಗಳು ಒಂದು ದಿನ 24 ಬಂತು; 7ನೇ ಸರ್ವರಿನ ನೆಟ್‌ವರ್ಕ್ ಕಾರ್ಡ್ ಬದಲಿಸಿದವರು ಎಂಟಿಯು ಸಾಲು ಮರೆತಿದ್ದರು.